ಡೀಸೆಲ್ ಗಾಡಿಯ ಕೊನೆಯ ಒಡೆಯ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯಿಂದ ಒಂದು ಸಮೀಕ್ಷೆ

ಹೊಗೆಯುಗುಳುವ ಹಳೆಯ ಡೀಸೆಲ್ ವಾಹನವನ್ನು ಗುಜರಿಗೆ ಹಾಕಿ, ಅದರ ಸ್ಥಾನದಲ್ಲಿ ನಿರ್ಮಲತರವಾದ ಇನ್ನೊಂದನ್ನು ಓಡಿಸುವವನಿಗೆ ಸರಕಾರವು ಸಾರ್ವಜನಿಕ ದ್ರವ್ಯದಿಂದ ನೆರವು ನೀಡಬೇಕೇ, ನೀಡುವುದಾದರೆ ಎಷ್ಟು, ಯಾರಿಗೆ, ಯಾವ ಕಟ್ಟುಪಾಡಿನ ಮೇಲೆ ಎಂಬ ಪ್ರಶ್ನೆಯು ಕಳೆದ ಮೂರು ದಶಕಗಳಿಂದ ಅನೇಕ ದೇಶಗಳ ಆಡಳಿತಗಾರರನ್ನೂ ಅರ್ಥಶಾಸ್ತ್ರಜ್ಞರನ್ನೂ ವೈದ್ಯರನ್ನೂ ಕಾಡುತ್ತ ಬಂದಿದೆ. ಪ್ರಶ್ನೆಯನ್ನು ಎತ್ತುವವರು ರಾಜಧಾನಿಗಳವರಾದರೂ, ಅದರ ನಿಜವಾದ ಪರೀಕ್ಷೆ ನಡೆಯುವುದು ಹಳೆಯ ವಾಹನಗಳು ತಮ್ಮ ಆಯುಷ್ಯದ ಕಡೆಯ ಪಾದವನ್ನು ಕಳೆಯುವ ಊರುಗಳಲ್ಲಿ. ಸೊಲ್ಲಾಪುರವೂ ಅದರ ಮಗ್ಗುಲಿನ ಅಕ್ಕಲಕೋಟೆಯೂ ಅಂಥ ಊರುಗಳು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ ವಿಜಯಪುರದ ಕಡೆಗೆ ಇಳಿಯುವ ಹೆದ್ದಾರಿಯೂ ಸೊಲ್ಲಾಪುರದಲ್ಲಿ ಸಂಧಿಸುತ್ತವೆ. ಅಲ್ಲಿಂದ ಆಗ್ನೇಯಕ್ಕೆ ಹೊರಳುವ ದಾರಿಯು ವಳಸಂಗವನ್ನು ಹಾದು ಅಕ್ಕಲಕೋಟೆಯನ್ನು ಮುಟ್ಟಿ ಕಲಬುರಗಿ ಜಿಲ್ಲೆಯತ್ತ ಸಾಗುತ್ತದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರ ಜೀಪುಗಳು, ಕಾರಖಾನೆಗೆ ಕಬ್ಬು ಸಾಗಿಸುವ ಲಾರಿಗಳು, ಸಿಮೆಂಟು ಹೇರಿದ ಟ್ರಕ್ಕುಗಳು, ಮೈಂದರಗಿ, ದುಧನಿ, ನಾಗಣಸೂರುಗಳ ಕಡೆಯಿಂದ ಶಾಲೆಗೆ ಹೊರಟ ಕನ್ನಡದ ಮಕ್ಕಳು, ಎಲ್ಲರೂ ಹಿಡಿಯುವುದು ಈ ಸೀಮೆಯ ಇವೇ ಕೆಲವು ದಾರಿಗಳನ್ನು. ಆದಕಾರಣ ಪ್ರಪಂಚವ್ಯಾಪಿಯಾದ ಈ ವಾದವನ್ನು ಈ ದಾರಿಗಳ ಮೇಲೆ ನಿಂತು ನೋಡುವುದು ಉಚಿತವೆಂದು ನನ್ನ ಭಾವನೆ.

ನಗರದ ಸುತ್ತ ಎಳೆದ ಗೆರೆ

ಸೊಲ್ಲಾಪುರದ ಆಕಾಶಕ್ಕೆ ಹೊಗೆ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಲೆಯೆತ್ತಿದ ಬಟ್ಟೆಯ ಗಿರಣಿಗಳ ಚಿಮಣಿಗಳು ಆ ನಗರದ ಗುರುತೇ ಆಗಿದ್ದುವು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಚಿಮಣಿಯ ಹೊಗೆಯ ಸ್ಥಾನವನ್ನು ವಾಹನದ ಹೊಗೆ ಆಕ್ರಮಿಸಿತು. ಇದಕ್ಕೆ ಸರಕಾರದ ಧೋರಣೆಯೇ ಬಹುಮಟ್ಟಿಗೆ ಕಾರಣವಾಯಿತೆಂಬುದನ್ನು ಮರೆಯಲಾಗದು. ರೈತನ ಪಂಪಿಗೂ ಬಡವನ ಬಸ್ಸಿಗೂ ಅನುಕೂಲವಾಗಲೆಂದು ಡೀಸೆಲಿನ ಬೆಲೆಯನ್ನು ದಶಕಗಳ ಕಾಲ ಪೆಟ್ರೋಲಿನ ಬೆಲೆಗಿಂತ ಕೆಳಗೆ ಹಿಡಿದಿಡಲಾಗಿತ್ತು. 2013ರ ಜನವರಿಯಲ್ಲಿ ಆ ಹಿಡಿತವನ್ನು ಸ್ವಲ್ಪ ಸಡಿಲಿಸಿ, 2014ರ ಅಕ್ಟೋಬರಿನಲ್ಲಿ ಸಂಪೂರ್ಣವಾಗಿ ಬಿಡಲಾಯಿತು. ಅಗ್ಗದ ಇಂಧನವನ್ನು ನಂಬಿ ಡೀಸೆಲ್ ಗಾಡಿಯನ್ನು ಕೊಂಡವನಿಗೆ ಈಗ ಅದೇ ಗಾಡಿಯನ್ನು ತ್ಯಜಿಸೆಂದು ಹೇಳುವಾಗ, ಆ ಆಯ್ಕೆಯಲ್ಲಿ ರಾಜ್ಯವೂ ಪಾಲುದಾರನಾಗಿತ್ತೆಂಬ ಋಣವನ್ನು ಲೆಕ್ಕದಲ್ಲಿ ಹಿಡಿಯುವುದು ನ್ಯಾಯ.

ಈ ಹೊಗೆಗೆ ಕಡಿವಾಣ ಹಾಕುವ ಕೆಲಸದಲ್ಲಿ ನ್ಯಾಯಾಲಯವೂ ಕೈಹಾಕಿತು. ಪರಿಸರ ವಕೀಲರಾದ ಎಂ.ಸಿ. ಮೆಹತಾ ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ದಿಲ್ಲಿಯ ಬಸ್ಸುಗಳೆಲ್ಲ ಸಿ.ಎನ್.ಜಿ.ಗೆ ಬದಲಾಗಬೇಕೆಂದು 1998ರ ಜುಲೈಯಲ್ಲಿ ಆಜ್ಞಾಪಿಸಿತು. 2003ರಲ್ಲಿ ಅದೇ ಪ್ರಕರಣದ ಮುಂದುವರಿಕೆಯಲ್ಲಿ ವಾಯುಮಾಲಿನ್ಯ ತೀವ್ರವಾಗಿರುವ ಇತರ ನಗರಗಳ ಹೆಸರನ್ನು ನ್ಯಾಯಾಲಯವು ಎತ್ತಿದಾಗ ಮುಂಬಯಿ, ಕಾನಪುರಗಳ ಸಾಲಿನಲ್ಲಿ ಸೊಲ್ಲಾಪುರವೂ ಸೇರಿತು. ಅದಕ್ಕೆ ಮುಂಚೆ 2002ರಲ್ಲಿ ವಿಜ್ಞಾನಿ ಆರ್.ಎ. ಮಾಶೇಲ್ಕರರ ಸಮಿತಿಯು ಇಂಧನವನ್ನೂ ಎಂಜಿನ್ನನ್ನೂ ಹಂತಹಂತವಾಗಿ ಶುದ್ಧಗೊಳಿಸುವ ದಾರಿಯನ್ನು ಸೂಚಿಸಿತ್ತು. ಈ ಎರಡೂ ಧಾರೆಗಳು ಕೂಡಿದುದರ ಫಲವಾಗಿ 2010ರಲ್ಲಿ ಭಾರತ್ ಸ್ಟೇಜ್ 4 (ಬಿ.ಎಸ್. 4) ಎಂಬ ಹೊಗೆಯ ಮಾನದಂಡವು ದೇಶದ 13 ನಗರಗಳಲ್ಲಿ ಜಾರಿಗೆ ಬಂದಾಗ ಅವುಗಳಲ್ಲಿ ಸೊಲ್ಲಾಪುರವೂ ಒಂದಾಗಿತ್ತು. ಆ ನಗರಗಳಿಗೆ ಹತ್ತು ಲಕ್ಷ ಭಾಗಕ್ಕೆ 50 ಭಾಗ ಗಂಧಕವಿದ್ದ ಡೀಸೆಲ್. ಗೆರೆಯಾಚೆಯ ದೇಶಕ್ಕೆ 350 ಭಾಗ ಗಂಧಕವಿದ್ದ ಬಿ.ಎಸ್. 3ರ ಡೀಸೆಲ್. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ನಲವತ್ತು ಕಿಲೋಮೀಟರಿಗೂ ಕಡಮೆ ಅಂತರ. ಬೆಳಿಗ್ಗೆ ಅಲ್ಲಿಂದ ಹೊರಟ ಲಾರಿ ಮಧ್ಯಾಹ್ನದೊಳಗೆ ಇಲ್ಲಿಗೆ ಬಂದು ಹೋಗುವಂಥ ದಾರಿ. ಹೀಗಿರುವಾಗ ಗಾಳಿಯನ್ನು ಪಾಲಿಕೆಯ ಮೇರೆಯಿಂದ ವಿಭಾಗಿಸಬಹುದೆಂಬ ಊಹೆ ಎಷ್ಟು ದುರ್ಬಲವೆಂಬುದು ಈ ಒಂದು ಉದಾಹರಣೆಯಿಂದಲೇ ತಿಳಿದುಬರುತ್ತದೆ. ಬಿ.ಎಸ್. 4 ಇಡೀ ದೇಶಕ್ಕೆ ಅನ್ವಯವಾದುದು 2017ರಲ್ಲಿ. ಗಂಧಕವನ್ನು 10 ಭಾಗಕ್ಕೆ ಇಳಿಸಿದ ಬಿ.ಎಸ್. 6 ಬಂದುದು 2020ರ ಏಪ್ರಿಲ್ 1ರಂದು.

ಆದರೆ ಈ ಮಾನದಂಡಗಳೆಲ್ಲ ಹೊಸ ವಾಹನಕ್ಕೆ ಸಂಬಂಧಿಸಿದವು. ರಸ್ತೆಯ ಮೇಲೆ ಆಗಲೇ ಓಡುತ್ತಿರುವ ಹಳೆಯದನ್ನು ಏನು ಮಾಡಬೇಕು? ಮಹಾರಾಷ್ಟ್ರವು 2010ರಲ್ಲಿ ಎಂಟು ವರ್ಷ ದಾಟಿದ ಸಾರಿಗೆ ವಾಹನಗಳ ಮೇಲೆಯೂ ಹದಿನೈದು ವರ್ಷ ದಾಟಿದ ಖಾಸಗಿ ವಾಹನಗಳ ಮೇಲೆಯೂ ಪರ್ಯಾವರಣ ತೆರಿಗೆಯನ್ನು ವಿಧಿಸಿತು. ಕೇಂದ್ರ ಸರಕಾರವು 2016ರಲ್ಲಿ ಪ್ರಕಟಿಸಿದ ಒಂದು ಕರಡು 2005ರ ಮಾರ್ಚಿಗೆ ಮುಂಚಿನ ಸುಮಾರು 2.8 ಕೋಟಿ ವಾಹನಗಳನ್ನು ತೆಗೆಯುವುದಕ್ಕಾಗಿ ಅವುಗಳ ಒಡೆಯರಿಗೆ ಹೊಸ ವಾಹನದ ಬೆಲೆಯಲ್ಲಿ ಶೇಕಡಾ 8ರಿಂದ 12ರವರೆಗೆ ಲಾಭ ಸಿಗುವ ಯೋಜನೆಯನ್ನು ಮುಂದಿಟ್ಟಿತು. ಖಜಾನೆಯ ಮೇಲೆ ಬೀಳುವ ಭಾರದಿಂದಲೋ ಏನೋ ಅದು ಕರಡಾಗಿಯೇ ಉಳಿಯಿತು. 2021ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದ ಸ್ವಯಂಪ್ರೇರಿತ ವಾಹನ ನವೀಕರಣ ಕಾರ್ಯಕ್ರಮವು ಆ ಕರಡಿನ ಸೌಮ್ಯರೂಪ. ಅದರಲ್ಲಿ ಕೇಂದ್ರವು ಒಡೆಯನಿಗೆ ನೇರವಾಗಿ ಹಣ ಕೊಡುವುದಿಲ್ಲ. ನೋಂದಾಯಿತ ಗುಜರಿ ಕೇಂದ್ರಕ್ಕೆ ಗಾಡಿಯನ್ನು ಒಪ್ಪಿಸಿದವನಿಗೆ ಒಂದು ಠೇವಣಿ ಪ್ರಮಾಣಪತ್ರ ದೊರೆಯುತ್ತದೆ; ಅದನ್ನು ತೋರಿಸಿದವನಿಗೆ ಹೊಸ ವಾಹನದ ನೋಂದಣಿ ಶುಲ್ಕ ಮಾಫಿ; ರಾಜ್ಯಗಳು ಮೋಟಾರು ತೆರಿಗೆಯಲ್ಲಿ ಖಾಸಗಿ ವಾಹನಕ್ಕೆ ಶೇಕಡಾ 25ರವರೆಗೆ, ಸಾರಿಗೆ ವಾಹನಕ್ಕೆ ಎಂಟು ವರ್ಷಗಳ ತನಕ ಶೇಕಡಾ 15ರವರೆಗೆ ರಿಯಾಯಿತಿ ಕೊಡಬಹುದು. ತಯಾರಕರು 2024ರ ಆಗಸ್ಟಿನಲ್ಲಿ 3.5 ಟನ್ನಿಗೆ ಮೇಲ್ಪಟ್ಟ ಸರಕು ವಾಹನಗಳಿಗೆ ಬೆಲೆಯ ಶೇಕಡಾ 3ರಷ್ಟು, ಅದಕ್ಕಿಂತ ಹಗುರವಾದವುಗಳಿಗೆ ಶೇಕಡಾ 1.5ರಷ್ಟು ಸೋಡಿ ಬಿಡಲು ಒಪ್ಪಿದರು. ಇದರ ಜೊತೆಗೆ ದಂಡದ ಭಾಗವೂ ಉಂಟು: 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಭಾರೀ ವಾಹನದ ಪಾಸಿಂಗ್ (ಯೋಗ್ಯತಾ ಪ್ರಮಾಣಪತ್ರದ) ಶುಲ್ಕವನ್ನು 12,500 ರೂಪಾಯಿಗೆ ಏರಿಸಲಾಯಿತು, 2023ರ ಏಪ್ರಿಲ್ 1ರಿಂದ ಸರಕಾರದ ಮತ್ತು ಸಾರಿಗೆ ನಿಗಮಗಳ ಹದಿನೈದು ವರ್ಷ ದಾಟಿದ ವಾಹನಗಳ ನೋಂದಣಿ ನವೀಕರಣವನ್ನೇ ನಿಲ್ಲಿಸಲಾಯಿತು.

ಹೊರನಾಡಿನ ಪ್ರಯೋಗಗಳು

ಹಳೆಯ ಗಾಡಿಯನ್ನು ಹಣ ಕೊಟ್ಟು ಕೊಂಡು ನಾಶಪಡಿಸುವ ಆಲೋಚನೆಯ ಪ್ರಸಿದ್ಧ ಆರಂಭವು 1990ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಕಂಡುಬರುತ್ತದೆ. ಅಲ್ಲಿ ಯುನೋಕಾಲ್ ಎಂಬ ತೈಲಸಂಸ್ಥೆಯು 1971ಕ್ಕೆ ಮುಂಚಿನ ಕಾರುಗಳನ್ನು ತಲಾ 700 ಡಾಲರಿಗೆ ಕೊಂಡು 8,376 ಕಾರುಗಳನ್ನು ಗುಜರಿಗೆ ಹಾಕಿತು. ಫ್ರಾನ್ಸ್ ದೇಶವು 1994ರಿಂದ ಇದೇ ಉಪಾಯವನ್ನು ಕಾರಿನ ಉದ್ಯಮಕ್ಕೆ ಚೇತರಿಕೆ ಕೊಡುವುದಕ್ಕಾಗಿ ಬಳಸಿತು. 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ಜರ್ಮನಿಯು ಒಂಬತ್ತು ವರ್ಷಕ್ಕಿಂತ ಹಳೆಯ ಕಾರಿಗೆ 2,500 ಯೂರೋ ಕೊಟ್ಟು ಸುಮಾರು 20 ಲಕ್ಷ ಕಾರುಗಳನ್ನು ತೆಗೆಸಿತು; ಗುಜರಿಗೆ ಬಿದ್ದುವೆಂದು ಲೆಕ್ಕ ಬರೆದ ಕಾರುಗಳಲ್ಲಿ ಅನೇಕವು ಗುಟ್ಟಾಗಿ ಆಫ್ರಿಕಕ್ಕೂ ಪೂರ್ವ ಯೂರೋಪಿಗೂ ಸಾಗಿಹೋದುವೆಂದು ಪೋಲೀಸರ ಸಂಘವೊಂದು ಆಗಲೇ ಆಕ್ಷೇಪಿಸಿತ್ತು. ಅದೇ ವರ್ಷ ಅಮೆರಿಕವು ಮುನ್ನೂರು ಕೋಟಿ ಡಾಲರ್ ವೆಚ್ಚದಲ್ಲಿ ಕೆಲವೇ ವಾರಗಳೊಳಗೆ 6.7 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ತೆಗೆಸಿತು.

ಶಾಲಾ ಬಸ್ಸಿನ ಕಥೆ ಇವುಗಳಿಂದ ಭಿನ್ನವಾದುದು, ಮತ್ತು ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದುದು. ಅಮೆರಿಕದ ಸಂಸತ್ತು 2005ರಲ್ಲಿ ಡೀಸೆಲ್ ಹೊಗೆಯನ್ನು ಇಳಿಸುವುದಕ್ಕೆಂದೇ ಒಂದು ಕಾನೂನನ್ನು ಅಂಗೀಕರಿಸಿತು. ಅದರ ಆಧಾರದ ಮೇಲೆ 2012ರಿಂದ ಶಾಲಾ ಬಸ್ಸುಗಳಿಗೆ ರಿಯಾಯಿತಿಯ ಹಣ ಹಂಚುವ ಪದ್ಧತಿ ಬಂದಿತು. ಬೇಡಿಕೆಯ ಅರ್ಜಿಗಳು ಹಣಕ್ಕಿಂತ ಹೆಚ್ಚಾಗಿದ್ದುದರಿಂದ ಚೀಟಿಯೆತ್ತಿ ಆಯ್ಕೆ ಮಾಡಲಾಗುತ್ತಿತ್ತು. ಹಣ ಪಡೆಯಬೇಕಾದರೆ ಹಳೆಯ ಬಸ್ಸಿನ ಎಂಜಿನ್ ಬ್ಲಾಕಿನಲ್ಲಿ ಮೂರು ಅಂಗುಲದ ತೂತು ಕೊರೆದು, ಚಾಸಿಯ ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ನಡುವೆ ಪೂರ್ತಿ ಕತ್ತರಿಸಿ, ಆ ಸ್ಥಿತಿಯಲ್ಲಿ ತೆಗೆದ ಛಾಯಾಚಿತ್ರಗಳನ್ನು ಒಪ್ಪಿಸಬೇಕು. ಆ ಬಸ್ಸು ಇನ್ನೆಲ್ಲಿಯೂ ಇನ್ನಾರಿಗೂ ಮಾರಾಟವಾಗದಂತೆ ಮಾಡುವುದೇ ಈ ಕಟ್ಟುಪಾಡಿನ ಉದ್ದೇಶ. 2021ರ ನವೆಂಬರಿನ ಮೂಲಸೌಕರ್ಯ ಕಾನೂನು ಐದು ವರ್ಷಗಳಿಗೆ ಐನೂರು ಕೋಟಿ ಡಾಲರನ್ನು ಶುದ್ಧ ಶಾಲಾ ಬಸ್ಸಿಗೆಂದು ಎತ್ತಿಟ್ಟಿತು. 2022ರ ಮೊದಲನೆಯ ಸುತ್ತಿನಲ್ಲಿ ಸುಮಾರು 2,500 ಬಸ್ಸುಗಳಿಗೆ ಹಣ ಮಂಜೂರಾಯಿತು, ಅವುಗಳಲ್ಲಿ ನೂರಕ್ಕೆ ತೊಂಬತ್ತೈದು ವಿದ್ಯುಚ್ಛಾಲಿತ. ಬಡ ಜಿಲ್ಲೆಯ ದೊಡ್ಡ ವಿದ್ಯುತ್ ಬಸ್ಸೊಂದಕ್ಕೆ 3,75,000 ಡಾಲರುಗಳವರೆಗೆ, ಎಂದರೆ ಬಹುತೇಕ ಬಸ್ಸಿನ ಪೂರ್ಣ ಬೆಲೆಯನ್ನೇ, ಸರಕಾರ ಹೊತ್ತಿತು. ನಮ್ಮ ಶೇಕಡಾ 3ರ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ ಕಾಣುವ ಅಂತರವು ಸಿರಿವಂತಿಕೆಯ ಅಂತರ ಮಾತ್ರವಲ್ಲ, ಭಾವನೆಯ ಅಂತರವೂ ಹೌದು: ಅಲ್ಲಿ ಮಗುವಿನ ಉಸಿರು ಸಾರ್ವಜನಿಕ ಹೊಣೆ, ಇಲ್ಲಿ ಗಾಡಿ ಬದಲಿಸುವುದು ಒಡೆಯನ ಖಾಸಗಿ ವ್ಯವಹಾರ.

ಮಕ್ಕಳ ಉಸಿರನ್ನು ಮುಂದಿಡುವವರು

ಈ ವಾದದಲ್ಲಿ ಮೊದಲನೆಯ ಪಕ್ಷ ವೈದ್ಯರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಮಂಡಲಿಯು 2012ರ ಜೂನ್ ತಿಂಗಳಿನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ನಿಶ್ಚಯವಾಗಿ ಕ್ಯಾನ್ಸರ್ ಹುಟ್ಟಿಸುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಬೆಳೆಯುತ್ತಿರುವ ಶ್ವಾಸಕೋಶವುಳ್ಳ ಮಗುವು ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇದಿಕೊಳ್ಳುತ್ತದೆ. ಅಲ್ಲದೆ ಹಳೆಯ ಬಸ್ಸಿನ ಹೊಗೆ ಬೀದಿಗೆ ಮಾತ್ರ ಹೋಗದೆ ಬಾಗಿಲು ಕಿಟಕಿಗಳ ಮೂಲಕ ಬಸ್ಸಿನೊಳಕ್ಕೂ ಹಿಂದಿರುಗುತ್ತದೆ. ವಾಷಿಂಗ್ಟನ್ ರಾಜ್ಯದ ಶಾಲಾ ಬಸ್ಸುಗಳಿಗೆ ಹೊಗೆಶೋಧಕಗಳನ್ನು ಅಳವಡಿಸಿದ ಮೇಲೆ ಮಕ್ಕಳ ಶ್ವಾಸಕೋಶದ ಬೇನೆಗಳು ಇಳಿದುವೆಂದು ಬೀಟಿ ಮತ್ತು ಶಿಮ್‌ಶಾಕ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ತೋರಿಸಿದರು. ಜಾರ್ಜಿಯಾ ರಾಜ್ಯದ ಅಧ್ಯಯನವೊಂದು ಅಂಥ ಬಸ್ಸುಗಳ ಜಿಲ್ಲೆಗಳಲ್ಲಿ ಇಂಗ್ಲಿಷ್ ಪರೀಕ್ಷೆಯ ಅಂಕಗಳು ಏರಿದುದನ್ನು ಕಂಡಿತು. ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯವು ಚೀಟಿಯೆತ್ತುವ ಪದ್ಧತಿಯಿಂದಲೇ ದೊರೆಯಿತು: ಚೀಟಿ ಬಿದ್ದ ಜಿಲ್ಲೆಗೂ ಬೀಳದ ಜಿಲ್ಲೆಗೂ ಅದೃಷ್ಟದ ಹೊರತು ಬೇರೆ ಭೇದವಿರಲಿಲ್ಲವಾಗಿ, ಎರಡನ್ನೂ ಹೋಲಿಸಿದ ಸಂಶೋಧಕರು ಬಸ್ಸು ಬದಲಾದ ಜಿಲ್ಲೆಗಳಲ್ಲಿ ಶಾಲೆಯ ಹಾಜರಿ ಹೆಚ್ಚಿದುದನ್ನು 2023ರಲ್ಲಿ ಪ್ರಕಟಿಸಿದರು. ಸರಾಸರಿ ಹೆಚ್ಚಳ ಅಲ್ಪ. ಆದರೆ 1990ಕ್ಕೂ ಹಿಂದಿನ ಬಸ್ಸುಗಳನ್ನು ತೆಗೆದ ಕಡೆ ಅದು ಎದ್ದುಕಾಣುವಷ್ಟಿತ್ತು. ಅತ್ಯಂತ ಹಳೆಯದನ್ನು ಮೊದಲು ತೆಗೆಯಿರಿ ಎಂಬ ಈ ಪಕ್ಷದ ಉಪದೇಶಕ್ಕೆ ಇದೇ ಆಧಾರ.

ಇನ್ನು ಅಕ್ಕಲಕೋಟೆ ತಾಲೂಕಿನಲ್ಲಿ ಹಳದಿ ಬಣ್ಣದ ಪ್ರತ್ಯೇಕ ಶಾಲಾ ಬಸ್ಸು ಕೆಲವೇ ಖಾಸಗಿ ಶಾಲೆಗಳ ಭಾಗ್ಯ. ಉಳಿದ ಮಕ್ಕಳಿಗೆ ರಾಜ್ಯ ಸಾರಿಗೆಯ ಎಸ್.ಟಿ. ಬಸ್ಸೇ ಶಾಲಾ ಬಸ್ಸು. ಟಿಕೇಟಿನಲ್ಲಿ ಮೂರನೆಯ ಎರಡು ಪಾಲು ರಿಯಾಯಿತಿಯುಳ್ಳ ಪಾಸು ಅವರ ಕಂಪಾಸು ಪೆಟ್ಟಿಗೆಯಲ್ಲಿ ಇರುತ್ತದೆ, ಹಳ್ಳಿಯ ಹೆಣ್ಣುಮಕ್ಕಳಿಗೆ ಅಹಿಲ್ಯಾಬಾಯಿ ಹೋಳಕರ ಯೋಜನೆಯಲ್ಲಿ ಪ್ರಯಾಣ ಪೂರ್ತಿ ಉಚಿತ. ಬಸ್ಸು ತಪ್ಪಿದ ದಿನ ವಡಾಪ್ ಎಂದು ಕರೆಯುವ ಖಾಸಗಿ ಬಾಡಿಗೆ ಜೀಪು. ಮುಂಜಾನೆ ಹಳ್ಳಿಯ ನಿಲ್ದಾಣದಲ್ಲಿ ಇಂಥ ಹಳೆಯ ಡೀಸೆಲ್ ಜೀಪೊಂದು ನಿಂತಿರುವಾಗ ನೋಡಬೇಕು: ಒಮ್ಮೆ ಆರಿಸಿದರೆ ಮತ್ತೆ ಹೊತ್ತುವ ನಂಬಿಕೆಯಿಲ್ಲದುದರಿಂದ ಡ್ರೈವರನು ಎಂಜಿನ್ನನ್ನು ಆರಿಸುವುದೇ ಇಲ್ಲ, ಸೀಟು ತುಂಬುವ ತನಕ ಅದು ಗಡಗಡನೆ ನಡುಗುತ್ತ ನಿಲ್ಲುತ್ತದೆ, ಹಿಂಬಾಗಿಲಿನಿಂದ ಹತ್ತುವ ಮಕ್ಕಳ ಮೊಳಕಾಲಿನ ಮಟ್ಟದಲ್ಲಿ ಹೊಗೆಯ ಕೊಳವೆ, ಹಿಂದಿನ ತಗಡಿನ ಮೇಲೆ ಕೂತ ಮಸಿಯಲ್ಲಿ ಯಾರೋ ಬೆರಳಿನಿಂದ ತಮ್ಮ ಹೆಸರನ್ನು ಬರೆದಿರುತ್ತಾರೆ. ಆ ಜೀಪಿನಲ್ಲಿ ಹೊಗೆ ಮಿತಿಯೊಳಗಿದೆಯೆಂದು ಸಾರುವ, ಚಾಲ್ತಿಯಲ್ಲಿರುವ ಪಿ.ಯು.ಸಿ. ಚೀಟಿಯೂ ಇರಬಹುದು. ಆ ಪರೀಕ್ಷೆಯಲ್ಲಿ ಎಂಜಿನ್ನನ್ನು ನಿಂತಲ್ಲಿಯೇ ರೇಸ್ ಮಾಡಿ ಹೊಗೆಯ ಸಾಂದ್ರತೆಯನ್ನು ಅಳೆಯುತ್ತಾರೆ, ಬಿ.ಎಸ್. 4ಕ್ಕೆ ಮುಂಚಿನ ಗಾಡಿಗೆ 2.45, ಬಿ.ಎಸ್. 4ರ ಗಾಡಿಗೆ 1.62 ಎಂಬ ಮಿತಿ. ಕಣ್ಣಿಗೆ ಕಾಣದ ಸೂಕ್ಷ್ಮಕಣಗಳನ್ನಾಗಲಿ ಸಾರಜನಕದ ಆಕ್ಸೈಡುಗಳನ್ನಾಗಲಿ ಅದು ಅಳೆಯುವುದೇ ಇಲ್ಲ. ವೈದ್ಯರು ಅಂಜುವುದು ಅವುಗಳಿಗೇ.

ಅರ್ಥಶಾಸ್ತ್ರಜ್ಞರ ಸಂದೇಹ

ಎರಡನೆಯ ಪಕ್ಷವು ಹೊಗೆಯ ಹಾನಿಯನ್ನು ಅಲ್ಲಗಳೆಯುವುದಿಲ್ಲ. ಹಣ ಕೊಟ್ಟದ್ದರಿಂದ ನಿಜವಾಗಿ ಎಷ್ಟು ಹೊಗೆ ತಪ್ಪಿತು ಎಂದು ಕೇಳುತ್ತದೆ. ಹೇಗೂ ಆರು ತಿಂಗಳಲ್ಲಿ ಗುಜರಿಗೆ ಬೀಳುತ್ತಿದ್ದ ಗಾಡಿಗೆ ಹಣ ಕೊಟ್ಟರೆ ತಪ್ಪಿದುದು ಆರು ತಿಂಗಳ ಹೊಗೆ ಮಾತ್ರ; ಮನೆಯ ಹಿಂದೆ ತುಕ್ಕು ಹಿಡಿದು ನಿಂತಿದ್ದ ಗಾಡಿಗೆ ಕೊಟ್ಟರೆ ಅದೂ ಇಲ್ಲ. ರಾಬರ್ಟ್ ಹಾನ್ 1995ರಲ್ಲಿ ಮಾಡಿದ ವಿಶ್ಲೇಷಣೆಯೂ ಲಾಸ್ ಏಂಜಲೀಸಿನ ಪ್ರಯೋಗದ ಚರ್ಚೆಯೂ ಈ ಉಳಿದ ಆಯುಷ್ಯದ ಲೆಕ್ಕದ ಸುತ್ತಲೇ ತಿರುಗಿದುವು. 2009ರ ಅಮೆರಿಕದ ಯೋಜನೆಯನ್ನು ಪರಿಶೀಲಿಸಿದ ಮಿಯಾನ್ ಮತ್ತು ಸೂಫಿ ಎಂಬ ವಿದ್ವಾಂಸರು, ಯೋಜನೆ ನಡೆದ ಎರಡು ತಿಂಗಳಲ್ಲಿ ಏರಿದ ಮಾರಾಟವು ಮುಂದಿನ ಕೆಲವು ತಿಂಗಳ ಮಾರಾಟವನ್ನು ಮುಂಚಿತವಾಗಿ ಎಳೆದುಕೊಂಡುದಷ್ಟೇ, ವರ್ಷ ತುಂಬುವುದರೊಳಗೆ ಅದರ ಪರಿಣಾಮ ಅಳಿಸಿಹೋಯಿತು ಎಂದು 2012ರಲ್ಲಿ ತೀರ್ಮಾನಿಸಿದರು.

ಈ ಪಕ್ಷದ ಅತಿ ಮುಖ್ಯವಾದ ಒಳನೋಟ ಬೇರೊಂದಿದೆ. ಹೊಸ ವಾಹನಗಳಿಗೆ ಮಾತ್ರ ಕಠಿನವಾದ ಮಾನದಂಡವನ್ನು ವಿಧಿಸಿದರೆ ಅವುಗಳ ಬೆಲೆ ಏರಿ, ಜನರು ಹಳೆಯದನ್ನೇ ಇನ್ನಷ್ಟು ಕಾಲ ಓಡಿಸುವರೆಂದೂ, ಆದ್ದರಿಂದ ಕೆಲವು ಕಾಲ ಗಾಳಿ ಇನ್ನೂ ಕೆಡಬಹುದೆಂದೂ ಹವರ್ಡ್ ಗ್ರುನ್‌ಸ್ಪೆಕ್ಟ್ 1982ರಲ್ಲಿಯೇ ತೋರಿಸಿಕೊಟ್ಟಿದ್ದನು. ಬಿ.ಎಸ್. 6 ಬಂದಮೇಲೆ ಲಾರಿಗಳ ಬೆಲೆ ಏರಿ, ಹಳೆಯ ಗಾಡಿಗಳಿಗೆ ಗಿರಾಕಿಗಳು ಹೆಚ್ಚಿದುದನ್ನು ಕಂಡವರಿಗೆ ಈ ಮಾತು ಹೊಸದಾಗಿ ಕೇಳಿಸದು. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಅಮೆರಿಕದ ಈ ಅಧ್ಯಯನಗಳು ಬಹುಮಟ್ಟಿಗೆ ಕುಟುಂಬದ ಕಾರುಗಳನ್ನು ಕುರಿತವು. ಕೆಲವೇ ಮೈಲಿ ಓಡುವ ಹಳೆಯ ಕಾರಿಗೆ ಕೊಟ್ಟ ಹಣ ವ್ಯರ್ಥವೆಂದು ಸಾಧಿಸಿದ ಮಾತ್ರಕ್ಕೆ, ದಿನವೂ ನೂರಾರು ಕಿಲೋಮೀಟರು ಓಡುವ ಬಸ್ಸು ಲಾರಿಗಳಿಗೆ ಕೊಟ್ಟದ್ದೂ ವ್ಯರ್ಥವೆಂದು ಹೇಳಲು ಬರುವುದಿಲ್ಲ. ಇಲ್ಲಿ ಹಳೆಯ ಗಾಡಿ ನಿಲ್ಲುವುದಿಲ್ಲ, ದುಡಿಯುತ್ತದೆ. ಅದರ ಪ್ರತಿಯೊಂದು ಉಳಿದ ವರ್ಷವೂ ಭಾರವಾದ ವರ್ಷ.

ದಂಡವೇ ಲೇಸೆಂಬವರು

ಕೆಡಿಸುವವನೇ ತೆರಬೇಕು, ಕೆಡಿಸುವುದನ್ನು ನಿಲ್ಲಿಸೆಂದು ಅವನಿಗೇ ಹಣ ಕೊಡುವುದು ವಿಪರೀತ ಎಂಬುದು ಮೂರನೆಯ ಪಕ್ಷ. ದಿಲ್ಲಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರ ಏಪ್ರಿಲಿನಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ನಿಷೇಧಿಸಿತು. 2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ ವಯಸ್ಸೊಂದನ್ನೇ ಕಾರಣವಾಗಿಟ್ಟು ಬಲಾತ್ಕಾರದ ಕ್ರಮ ಜರುಗಿಸಬಾರದೆಂದು ಅದೇ ನ್ಯಾಯಾಲಯವು ತಡೆಯಿತು. ವಯಸ್ಸು ಸುಲಭವಾಗಿ ತಿಳಿಯುವ, ಮೋಸಕ್ಕೆ ಎಡೆಗೊಡದ ಅಳತೆಯೆಂಬುದು ನಿಜ. ಆದರೆ ಚೆನ್ನಾಗಿ ಸಂಬಾಳಿಸಿದ ಹದಿನಾರು ವರ್ಷದ ಬಸ್ಸು, ಅಧಿಕ ಭಾರ ಹೇರಿ ಕೆಡಿಸಿದ ಎಂಟು ವರ್ಷದ ಲಾರಿಗಿಂತ ಕಡಮೆ ಹೊಗೆ ಬಿಡಬಹುದೆಂಬುದೂ ನಿಜವೇ. ಮನುಷ್ಯನ ಕೈಗೆ ಸಿಗದ ಯಂತ್ರಪರೀಕ್ಷಾ ಕೇಂದ್ರಗಳಲ್ಲಿ ಪಾಸಿಂಗ್ ಮಾಡಿಸಬೇಕೆಂಬ ನಿಯಮವನ್ನು ಈ ತೊಡಕಿಗೆ ಪರಿಹಾರವಾಗಿ ತಂದರು; ಅದರ ಗಡುವು ಒಂದಾದಮೇಲೊಂದರಂತೆ ಮುಂದೆ ಸರಿಯುತ್ತ ಬಂದಿತು. ದಂಡವಾದಿಗಳು ಖಜಾನೆಯನ್ನು ಉಳಿಸುತ್ತಾರೆ. ದಂಡ ತೆರಲಾರದವನು ಪಾಸಿಂಗ್ ಇಲ್ಲದೆಯೇ ಒಳದಾರಿಯಲ್ಲಿ ಗಾಡಿ ಓಡಿಸುವುದನ್ನು ಮಾತ್ರ ತಡೆಯಲಾರರು.

ಏಣಿಯ ಕೆಳಗಿನ ಮೆಟ್ಟಿಲು

ನಾಲ್ಕನೆಯದು ಗ್ರಂಥಗಳಿಗಿಂತ ಹೆಚ್ಚಾಗಿ ರಸ್ತೆಯ ಅನುಭವದಿಂದ ಹುಟ್ಟಿದ ಪಕ್ಷ, ಮತ್ತು ನನ್ನ ಒಲವು ಇದರ ಕಡೆಗೆ. ಒಂದು ಲಾರಿ ಅಥವಾ ಬಸ್ಸು ತನ್ನ ಜೀವಮಾನದಲ್ಲಿ ಒಬ್ಬನ ಕೈಯಲ್ಲೇ ಇರುವುದು ಅಪರೂಪ. ಮಹಾನಗರದ ದೊಡ್ಡ ಸಂಸ್ಥೆಯೊಂದು ಬ್ಯಾಂಕಿನ ಸಾಲದಲ್ಲಿ ಕೊಂಡು ಏಳೆಂಟು ವರ್ಷ ಓಡಿಸಿದ ಗಾಡಿಯು ಸೊಲ್ಲಾಪುರದಂಥ ನಗರದ ಮಧ್ಯಮ ವ್ಯಾಪಾರಿಗೆ ಬರುತ್ತದೆ. ಅವನು ದಣಿಸಿ ಮಾರಿದ ಮೇಲೆ ತಾಲೂಕಿನ ಊರಿಗೆ ಇಳಿಯುತ್ತದೆ. ಅಲ್ಲಿ ಅದು ಕಬ್ಬಿನ ಸುಗ್ಗಿಯಲ್ಲಿ ಕಬ್ಬನ್ನೂ ಬೇಸಗೆಯಲ್ಲಿ ನೀರಿನ ಟ್ಯಾಂಕನ್ನೂ ಹೊತ್ತು, ಕೆಟ್ಟ ಬಿಡಿಭಾಗಗಳನ್ನು ಇನ್ನೊಂದು ಸತ್ತ ಗಾಡಿಯಿಂದ ತೆಗೆದು ಹಾಕಿಸಿಕೊಂಡು, ಹದಿನೆಂಟು ಇಪ್ಪತ್ತು ವರ್ಷ ಮುಟ್ಟುತ್ತದೆ. ಈ ಕೊನೆಯ ಒಡೆಯನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಕೊಟ್ಟವನು ಫೈನಾನ್ಸಿನವನು, ಬಡ್ಡಿ ಹೆಚ್ಚು, ಹಪ್ತೆ ತಪ್ಪಿದರೆ ಗಾಡಿಯೇ ಹೋಗುತ್ತದೆ. ರಿಯಾಯಿತಿಯ ಯೋಜನೆಯು ಇವನನ್ನು ಹೇಗೆ ಮುಟ್ಟುತ್ತದೆ? ಹೊಸ ಲಾರಿಯ ಬೆಲೆ 30 ಲಕ್ಷವೆಂದು ಇಟ್ಟುಕೊಂಡರೆ ಶೇಕಡಾ 3 ಎಂದರೆ 90,000 ರೂಪಾಯಿ. ಉಳಿದ 29 ಲಕ್ಷದ ಹತ್ತು ಸಾವಿರವನ್ನು ಅವನು ಎಲ್ಲಿಂದ ತರಬೇಕು? ಓಡುವ ಸ್ಥಿತಿಯಲ್ಲಿರುವ ಗಾಡಿಗೆ ಇನ್ನೊಬ್ಬ ಗಿರಾಕಿ ಕೊಡುವ ಬೆಲೆಯು ಗುಜರಿಯ ಕಬ್ಬಿಣದ ಬೆಲೆಗಿಂತ ಹೆಚ್ಚಾಗಿರುವ ತನಕ, ಗುಜರಿ ಕೇಂದ್ರಕ್ಕೆ ಬರುವುದು ಓಡಲಾರದ ಗಾಡಿಯೇ ಹೊರತು ಹೊಗೆ ಬಿಡುತ್ತ ಓಡುತ್ತಿರುವ ಗಾಡಿಯಲ್ಲ.

ಠೇವಣಿ ಪ್ರಮಾಣಪತ್ರವನ್ನು ಬೇರೆಯವರಿಗೆ ಮಾರಬಹುದೆಂಬ ಅವಕಾಶವನ್ನು ಯೋಜಕರು ಇದಕ್ಕೆ ಉತ್ತರವಾಗಿ ಹೇಳುತ್ತಾರೆ. ಹೊಸದನ್ನು ಕೊಳ್ಳಲಾರದವನು ಪತ್ರವನ್ನು ಕೊಳ್ಳಬಲ್ಲವನಿಗೆ ಮಾರಿ ಹಣ ಮಾಡಿಕೊಳ್ಳಲಿ ಎಂಬುದು ಅದರ ತರ್ಕ. ವಿದ್ಯುತ್ ಟ್ರಕ್ಕಿಗೆ 9.6 ಲಕ್ಷ ರೂಪಾಯಿಯವರೆಗೆ ಸಹಾಯಧನ ಕೊಡುವ ಪಿ.ಎಂ. ಇ-ಡ್ರೈವ್ ಯೋಜನೆಯು 2025ರಲ್ಲಿ ಹಳೆಯ ಡೀಸೆಲ್ ಟ್ರಕ್ಕನ್ನು ಗುಜರಿಗೆ ಹಾಕಿದ ಪತ್ರವನ್ನು ಕಡ್ಡಾಯ ಮಾಡಿದುದರಿಂದ ಅಂಥ ಪತ್ರಗಳಿಗೆ ಬೆಲೆ ಬರಬಹುದು. ತರ್ಕ ಸರಿ. ಆದರೆ ಪತ್ರ ಮಾರಿ ಬಂದ ಹಣದಿಂದ ಕೊನೆಯ ಒಡೆಯನು ಮಾಡುವುದೇನು? ಅವನಿಗೆ ಬದುಕಲು ಗಾಡಿ ಬೇಕು. ಅವನು ಕೊಳ್ಳಬಲ್ಲುದು ಹತ್ತು ವರ್ಷದ ಬಿ.ಎಸ್. 4 ಗಾಡಿಯನ್ನು. ಬಿ.ಎಸ್. 2ನ್ನು ಬಿಟ್ಟು ಬಿ.ಎಸ್. 4ಕ್ಕೆ ಏರುವುದು ಗಾಳಿಯ ಲೆಕ್ಕದಲ್ಲಿ ದೊಡ್ಡ ಹೆಜ್ಜೆಯಾದರೂ ನಮ್ಮ ಯೋಜನೆಯ ಕಣ್ಣಿಗೆ ಅದು ಹೆಜ್ಜೆಯೇ ಅಲ್ಲ. ರಿಯಾಯಿತಿಯೆಲ್ಲ ಹೊಸ ವಾಹನಕ್ಕೆ ಕಟ್ಟುಬಿದ್ದಿದೆ. ಕ್ಯಾಲಿಫೋರ್ನಿಯದಲ್ಲಿ ಬಡ ಕುಟುಂಬಗಳಿಗೆ ಹೆಚ್ಚಿನ ಮೊತ್ತವನ್ನು ಗೊತ್ತುಪಡಿಸಿ, ಅವರು ಕೊಳ್ಳುವ ಬದಲಿ ಕಾರು ಹೊಸದೇ ಆಗಬೇಕಿಲ್ಲ, ನಿರ್ದಿಷ್ಟ ವಯಸ್ಸಿನೊಳಗಿನ ಶುದ್ಧತರವಾದ ಬಳಸಿದ ಕಾರೂ ಆಗಬಹುದೆಂದು ನಿಯಮ ಮಾಡಿದ್ದಾರೆ. ಏಣಿಯ ಕೆಳಗಿನ ಮೆಟ್ಟಿಲಿನಲ್ಲಿರುವವನನ್ನು ಒಂದು ಮೆಟ್ಟಿಲು ಮೇಲಕ್ಕೆತ್ತುವ ಈ ಉಪಾಯವನ್ನು ನಮ್ಮವರು ಗಂಭೀರವಾಗಿ ಆಲೋಚಿಸಬೇಕು.

ಮಹಾರಾಷ್ಟ್ರ–ಕರ್ನಾಟಕಗಳ ಗಡಿಯ ಸಮಸ್ಯೆಯೂ ಇಲ್ಲಿಯೇ ಸೇರುತ್ತದೆ. ಎಂ.ಎಚ್. 13 ಸೊಲ್ಲಾಪುರದ್ದು, ಕೆ.ಎ. 28 ವಿಜಯಪುರದ್ದು, ಕೆ.ಎ. 32 ಕಲಬುರಗಿಯದು, ದುಧನಿಯ ಬಜಾರದಲ್ಲಿ ಮೂರು ನೋಂದಣಿ ಫಲಕಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ತೆರಿಗೆಯೂ ರಿಯಾಯಿತಿಯೂ ರಾಜ್ಯ ರಾಜ್ಯಕ್ಕೆ ಬೇರೆಯಾಗಿರುವಲ್ಲಿ, ಈ ಕಡೆ ಬೆಲೆ ಕಳೆದುಕೊಂಡ ಗಾಡಿಯು ನಿರಾಕ್ಷೇಪಣಾ ಪತ್ರ (ಎನ್.ಓ.ಸಿ.) ಪಡೆದು ಆ ಕಡೆ ಗಿರಾಕಿಯನ್ನು ಹುಡುಕಿಕೊಳ್ಳುವುದು ಸಹಜ. ಸೋದರತ್ತೆ ಸೋದರಮಾವಂದಿರು ಗಡಿಯ ಎರಡೂ ಕಡೆ ಇರುವ ಈ ಸೀಮೆಯಲ್ಲಿ ಗಾಡಿಯ ವ್ಯಾಪಾರವೂ ನಂಟಸ್ತಿಕೆಯ ದಾರಿಯಲ್ಲೇ ನಡೆಯುತ್ತದೆ. ಎಂಜಿನ್ನಿಗೆ ತೂತು ಕೊರೆಯಿಸುವ ಅಮೆರಿಕದ ಕಟ್ಟುಪಾಡಿನ ಹಿಂದಿದ್ದ ವಿವೇಕ ಇಂಥ ಕಡೆ ಚೆನ್ನಾಗಿ ಅರ್ಥವಾಗುತ್ತದೆ.

ಗಾಡಿಯನ್ನು ಬಿಟ್ಟು ಸೇವೆಯನ್ನು ಕೊಳ್ಳುವುದು

ಇತ್ತೀಚಿನ ಪಕ್ಷವೊಂದು ಗಾಡಿಗೆ ಹಣ ಕೊಡುವ ಚರ್ಚೆಯನ್ನೇ ಬದಿಗಿಟ್ಟು, ಓಡಿದ ಕಿಲೋಮೀಟರಿಗೆ ಹಣ ಕೊಡೋಣ ಎನ್ನುತ್ತದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ಪಿ.ಎಂ. ಇ-ಬಸ್ ಸೇವಾ ಯೋಜನೆಯು ಈ ಬಗೆಯದು: ಒಟ್ಟು 57,613 ಕೋಟಿ ರೂಪಾಯಿಯ ಅಂದಾಜಿನಲ್ಲಿ 20,000 ಕೋಟಿ ಕೇಂದ್ರದ್ದು, ಗುರಿ 10,000 ವಿದ್ಯುತ್ ಬಸ್ಸು, ಸಹಾಯದ ಅವಧಿ ಹತ್ತು ವರ್ಷ. ಬಸ್ಸನ್ನು ಕೊಳ್ಳುವ ಹೊರೆ ಗುತ್ತಿಗೆದಾರನದು, ಓಡಿಸಿದಷ್ಟಕ್ಕೆ ಹಣ ಕೊಡುವುದು ನಗರದ್ದು. ಸೊಲ್ಲಾಪುರವೂ ಈ ಯೋಜನೆಯ ನಗರಗಳಲ್ಲಿ ಸೇರಿದೆ. ಸೊರಗಿದ ಪಾಲಿಕೆಯ ಪರಿವಹನ ಸೇವೆಗೆ ಇದರಿಂದ ಜೀವ ಬಂದೀತೆಂಬ ಆಸೆ ಅಲ್ಲಿಯ ನಾಗರಿಕರಿಗಿರುವುದು ಯುಕ್ತವೇ. ಆದರೆ ಯೋಜನೆಯು ಮುಖ್ಯವಾಗಿ ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ. 2011ರ ಗಣತಿಯಲ್ಲಿ ಸುಮಾರು ನಲವತ್ತು ಸಾವಿರ ಜನರಿದ್ದ ಅಕ್ಕಲಕೋಟೆ ಅದರ ಹೊರಗೆ. 2010ರಲ್ಲಿ ಇಂಧನಕ್ಕೆ ಎಳೆದ ಗೆರೆಯನ್ನೇ ಹೆಚ್ಚುಕಡಮೆ ಬಸ್ಸಿಗೂ ಎಳೆದಂತಾಯಿತು.

ವಿದ್ಯುತ್ತು ಬರುವುದೆಲ್ಲಿಂದ ಎಂಬ ಆಕ್ಷೇಪಕ್ಕೆ ಸೊಲ್ಲಾಪುರದಲ್ಲಿ ವಿಶೇಷವಾದ ಬಲವುಂಟು. ದಕ್ಷಿಣ ಸೊಲ್ಲಾಪುರ ತಾಲೂಕಿನ ಫತಾಟೆವಾಡಿಯ ಬಳಿ ಎನ್.ಟಿ.ಪಿ.ಸಿ.ಯ 1,320 ಮೆಗಾವಾಟಿನ ಕಲ್ಲಿದ್ದಲ ಸ್ಥಾವರ ನಿಂತಿದೆ. ಬಸ್ಸಿನ ಕೊಳವೆಯಿಂದ ತೆಗೆದ ಹೊಗೆಯನ್ನು ಆ ಚಿಮಣಿಗೆ ಒಯ್ದಂತಲ್ಲವೇ ಎಂದು ಕೇಳುವವರಿದ್ದಾರೆ. ಮೊಳಕಾಲಿನ ಮಟ್ಟದಲ್ಲಿ ಮಗುವಿನ ಮುಖಕ್ಕೆ ಬಡಿಯುವ ಹೊಗೆಯೂ ಎತ್ತರದಲ್ಲಿ ಚದರುವ ಹೊಗೆಯೂ ಶ್ವಾಸಕೋಶಕ್ಕೆ ಸಮಾನವಲ್ಲವೆಂಬುದು ಸರಿಯಾದ ಉತ್ತರ. ವಿದ್ಯುಜ್ಜಾಲಕ್ಕೆ ಸೂರ್ಯನ ಪಾಲು ವರ್ಷವರ್ಷವೂ ಸೇರುತ್ತಿದೆಯೆಂಬುದೂ ಸರಿ. ಆದರೂ ಸ್ಥಾವರದ ಮಗ್ಗುಲಿನ ಹಳ್ಳಿಗಳವರು ಹಾರುಬೂದಿಯ ಲಾರಿಗಳನ್ನು ತೋರಿಸಿ ಕೇಳುವ ಪ್ರಶ್ನೆಗೆ ಆ ಉತ್ತರ ಪೂರ್ತಿಯಾಗುವುದಿಲ್ಲ. ಅವರ ಪಾಲಿನ ಹೊರೆಗೆ ಬೇರೆ ಪರಿಹಾರವೇ ಬೇಕು.

ಇತ್ಯರ್ಥವಾಗದೆ ಉಳಿದವು

ಮೊದಲನೆಯದಾಗಿ, ಇಲ್ಲಿಯ ಗಾಳಿ ಕೆಡುವುದರಲ್ಲಿ ಡೀಸೆಲಿನ ಪಾಲೆಷ್ಟು ಎಂಬುದರಲ್ಲಿಯೇ ಒಮ್ಮತವಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವು ಮಾನದಂಡ ಮುಟ್ಟದ ನಗರಗಳಲ್ಲಿ ಸೊಲ್ಲಾಪುರವನ್ನೂ ಎಣಿಸಿದೆ. ಅದರ ಅಳತೆಗೋಲು ಮುಖ್ಯವಾಗಿ ಪಿ.ಎಂ. 10 ಎಂಬ ದೊಡ್ಡ ಕಣ. ಆ ಕಣದಲ್ಲಿ ರಸ್ತೆಯ ಧೂಳೇ ಪ್ರಧಾನವಾಗುವುದರಿಂದ ದೇಶದಲ್ಲಿ ಈ ಕಾರ್ಯಕ್ರಮದ ಹಣದಲ್ಲಿ ಶೇಕಡಾ 64 ಧೂಳಿಗೂ ಶೇಕಡಾ 13ಕ್ಕಿಂತ ಕಡಮೆ ವಾಹನಗಳಿಗೂ ಹೋಯಿತೆಂದು ವಿಜ್ಞಾನ ಮತ್ತು ಪರಿಸರ ಕೇಂದ್ರವು 2024ರಲ್ಲಿ ಲೆಕ್ಕಹಾಕಿತು. ತೂಕದಿಂದ ಅಳೆದರೆ ಧೂಳು ದೊಡ್ಡದು, ವಿಷದಿಂದ ಅಳೆದರೆ ಮಸಿ ದೊಡ್ಡದು. ಯಾವ ಅಳತೆಯನ್ನು ಹಿಡಿಯಬೇಕೆಂಬುದು ನಿಶ್ಚಯವಾಗದೆ ರಿಯಾಯಿತಿಗೆ ಎಷ್ಟು ಹಣ ತಕ್ಕದ್ದೆಂಬುದೂ ನಿಶ್ಚಯವಾಗದು.

ಗಡಿಯ ಎರಡು ರಾಜ್ಯಗಳು ಒಂದೇ ದರದ ತೆರಿಗೆ ರಿಯಾಯಿತಿಗೂ ಒಂದೇ ಬಗೆಯ ಪಾಸಿಂಗಿಗೂ ಒಪ್ಪುವುವೇ ಎಂಬುದು ಎರಡನೆಯದು. ಭಾಷೆಯ ಮತ್ತು ಮೇರೆಯ ವಿವಾದಗಳಲ್ಲಿ ಮುಳುಗಿರುವ ರಾಜಕಾರಣವು ಗಾಳಿಯ ವಿಷಯದಲ್ಲಿ ಒಟ್ಟಿಗೆ ಕೂರಬಾರದೆಂದೇನೂ ಇಲ್ಲ. ಬಳಸಿದ, ಆದರೆ ಶುದ್ಧತರವಾದ ಗಾಡಿಗೆ ಏರುವವನಿಗೆ ನೆರವು ಸಲ್ಲಬೇಕೇ, ಸಂದರೆ ಮಧ್ಯವರ್ತಿಗಳ ಪಾಲಾಗದಂತೆ ಅದನ್ನು ಹೇಗೆ ಮುಟ್ಟಿಸಬೇಕು ಎಂಬುದು ಮೂರನೆಯದು. ವಿದ್ಯುತ್ ಬಸ್ಸಿನ ಹತ್ತು ವರ್ಷದ ಸಹಾಯ ಮುಗಿದ ಮೇಲೆ ಕಿಲೋಮೀಟರಿನ ಹಣವನ್ನು ಯಾವ ಪಾಲಿಕೆ ಎಲ್ಲಿಂದ ತರಬೇಕೆಂಬುದೂ ತೆರೆದೇ ಇದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚಾಗಿ ಚಿಂತೆಗೀಡುಮಾಡುವುದು ಇನ್ನೊಂದು. ಹದಿನೈದು ವರ್ಷ ದಾಟಿದ ಬಸ್ಸುಗಳನ್ನು ತೆಗೆಯಬೇಕೆಂಬ ನಿಯಮವು ಜಾರಿಯಾಗುವ ವೇಗಕ್ಕೂ ಹೊಸ ಬಸ್ಸುಗಳು ಆಗಾರಕ್ಕೆ ಬರುವ ವೇಗಕ್ಕೂ ಹೊಂದಿಕೆಯಿರಬೇಕೆಂದು ಎಲ್ಲಿಯೂ ಕಟ್ಟುಪಾಡಿಲ್ಲ. ಹಳೆಯದು ಹೋಗಿ ಹೊಸದು ಬಾರದ ತಿಂಗಳುಗಳಲ್ಲಿ ಮೊದಲು ನಿಲ್ಲುವುದು ಆದಾಯ ಕಡಮೆಯಿರುವ ಹಳ್ಳಿಯ ಫೇರಿ. ಆ ಫೇರಿಯಲ್ಲಿ ಉಚಿತವಾಗಿ ಹೋಗುತ್ತಿದ್ದ ಎಂಟನೆಯ ತರಗತಿಯ ಹುಡುಗಿ ಹಣ ಕೊಟ್ಟು ವಡಾಪಿನಲ್ಲಿ, ಎಂದರೆ ಇನ್ನೂ ಹಳೆಯ ಡೀಸೆಲ್ ಜೀಪಿನಲ್ಲಿ, ಹೋಗಬೇಕು, ಇಲ್ಲವೇ ಮನೆಯಲ್ಲಿ ಉಳಿಯಬೇಕು. ಅವಳ ಶ್ವಾಸಕೋಶಕ್ಕೆ ಆಗುವ ಲಾಭವನ್ನೂ ಅವಳ ಶಾಲೆಗೆ ಆಗುವ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬಗೆಯನ್ನು ಮೇಲೆ ಹೇಳಿದ ಪಕ್ಷಗಳಲ್ಲಿ ಯಾವುದೂ ಇನ್ನೂ ಹೇಳಿಕೊಟ್ಟಿಲ್ಲ.